ನೈರೋಬಿ, ಹುಕ್ಕೇರಿ ಮತ್ತು ನನ್ನ ಪಾಲಿನ ಕುರಿಗಳು

ಪುಣೆ,
ಶ್ರಾವಣ, ೧೯೩೭

ಲಗಮವ್ವ ಅತ್ತೆಗೆ,

ನಿನ್ನ ಬೀರಸಿದ್ದ ಮಾಡುವ ನಮಸ್ಕಾರಗಳು. ಇದನ್ನು ನಿನಗೆ ಓದಿ ಹೇಳುತ್ತಿರುವ ಅಲ್ಲಪ್ಪ ಮಾಸ್ತರರಿಗೂ ನಮಸ್ಕಾರ. ಮಾಸ್ತರರೇ, ಸ್ವಲ್ಪ ನಿಧಾನವಾಗಿ ಓದಿರಿ, ನಡುವೆ ನಿಮ್ಮ ಅಭಿಪ್ರಾಯ ಸೇರಿಸಬೇಡಿರಿ.

ಅತ್ತೀ, ಮೊನ್ನೆ ನಿನ್ನನ್ನು ರೈಲು ಹತ್ತಿಸಿ ಬಂದಾಗಿನಿಂದ ನನ್ನ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವ್ವ ತೀರಿದ ಮೇಲೆ ನನ್ನನ್ನು ಬೆಳೆಸಿದವಳು ನೀನು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ವರ್ಷ ನನ್ನ ಕೈಗೆ ಒಂದು ಹೆಣ್ಣು ಕುರಿಮರಿ ಕೊಟ್ಟು, "ಇದು ನಿಂದು. ಇದರ ಹೊಟ್ಟ್ಯಾಗ ಹುಟ್ಟಿದ್ದೆಲ್ಲಾ ನಿಂದ," ಎಂದಿದ್ದೆ. ನಾನು ಓದುತ್ತ ಗೋಕಾಕ, ಬೆಳಗಾವಿ, ಪುಣೆ ಎಂದು ದೂರವಾದಂತೆ ಆ ಮರಿ ನಮ್ಮೂರು ಅರಭಾವಿಯ ಹೊಲಗಳಲ್ಲಿ ಹಿಂಡಾಯಿತು.

ಡಾಕ್ಟರನಾಗುವ ಹೊತ್ತು ಹತ್ತಿರ ಬಂದಾಗ ಎಲ್ಲರ ಕಣ್ಣೂ ಆ ಹಿಂಡಿನ ಮೇಲೆ ಬಿತ್ತು. ಮೊದಲು ನನ್ನದೇ. ನನ್ನ ಜೊತೆ ಓದುವ ಕುಲಕರ್ಣಿಯ ಸೋದರಮಾವ ಆಫ್ರಿಕಾದ ನೈರೋಬಿಯಲ್ಲಿ ದವಾಖಾನೆ ಇಟ್ಟಿದ್ದಾರೆ. ಪರೀಕ್ಷೆ ಮುಗಿದ ಕೂಡಲೇ ಬಂದರೆ ಕೆಲವು ವರ್ಷಗಳ ಕರಾರು, ಕೈತುಂಬ ಪಗಾರ. ಹಡಗಿನ ಖರ್ಚು ಮಾತ್ರ ನನ್ನದು. "ಕುರಿ ಮಾರು, ಖರ್ಚು ಕಳೆದು ಉಳಿದದ್ದನ್ನು ಹತ್ತಿ ಗಿರಣಿಯ ಶೇರಿನಲ್ಲಿ ಹಾಕು. ನೀನು ತಿರುಗಿ ಬರುವುದರೊಳಗೆ ದುಪ್ಪಟ್ಟು," ಎಂದ ಕುಲಕರ್ಣಿ. ಹುಕ್ಕೇರಿಯ ಉದ್ದಪ್ಪ ಕಾಕಾ ಬೇರೆಯೇ ಹೇಳಿದರು: "ಶೇರ ಅಂದ್ರ ಬರೇ ಕಾಗದ. ಹುಕ್ಕೇರಿ ಪ್ಯಾಟ್ಯಾಗ ಜಾಗಾ ಹಿಡಿ, ದವಾಖಾನಿ ತಗಿ. ಸುತ್ತ ಹಳ್ಳಿ ಮಂದಿ ನಿನ್ನ ಬಾಗಲಕ್ಕ ಬರ್ತಾರ." ಒಬ್ಬರ ಮಾತು ಕೇಳಿದಾಗ ಅದೇ ಖರೆ ಅನಿಸುತ್ತಿತ್ತು, ಇನ್ನೊಬ್ಬರದು ಕೇಳಿದಾಗ ಅದೇ.

ನೀನು ಕೇಳಿದ್ದು ಒಂದೇ: "ಆ ಊರಾಗ ಕುರಿ ಅದಾವೇನು?"

ಇವೆ ಎಂದೆ. ನನಗೇನೂ ಗೊತ್ತಿರಲಿಲ್ಲ.

"ಹಂಗಾದ್ರ ಮಂದಿನೂ ಚಲೋ ಇರಬೇಕು. ಹೋಗು," ಎಂದುಬಿಟ್ಟೆ. ನೀನು ತಡೆದಿದ್ದರೆ ಜಗಳಾಡಿಯಾದರೂ ಹೋಗುತ್ತಿದ್ದೆ. ಒಪ್ಪಿಬಿಟ್ಟದ್ದರಿಂದ ಇನ್ನಷ್ಟು ದಿಕ್ಕು ತಪ್ಪಿದೆ.

ಬೇಸಿಗೆ ರಜೆಯಲ್ಲಿ ಗೋಕಾಕ ಸಂತೆಗೆ ಹಿಂಡು ಹೊಡೆದುಕೊಂಡು ಹೋದ ದಿನ ದಾರಿಯುದ್ದಕ್ಕೂ ನೀನು ಟಗರಿನ ಕೋಡು ಹಿಡಿದೇ ನಡೆದೆ. ಮಾರುವ ಸಂಕಟಕ್ಕೆ ಎಂದುಕೊಂಡೆ. ಸಂತೆಯಲ್ಲಿ ನನ್ನಂತೆಯೇ ಬಿಳಿ ಅಂಗಿ ತೊಟ್ಟ ವ್ಯಾಪಾರಿಯೊಬ್ಬ ಬಂದು ನಿನ್ನ ಬಾಜೂ ನಿಂತ. ನಾನು ಕುರಿಗಳ ಆಚೆ ಇದ್ದೆ. ನೀನು ಅವನ ತೋಳು ಹಿಡಿದು, ದನಿ ತಗ್ಗಿಸಿ, "ಬೀರಾ, ಆ ಕೆಂಪ ಕುರಿ ಮಾರಬ್ಯಾಡೋ. ಗಬ್ಬ ಐತಿ," ಎಂದೆ. ಅವನು ನಕ್ಕ. ಸುತ್ತಲಿನವರೂ ನಕ್ಕರು. ನೀನೂ ನಕ್ಕೆ, ಆದರೆ ನಿನ್ನ ಕೈ ನನ್ನನ್ನು ಹುಡುಕುತ್ತಿತ್ತು.

ನಿನ್ನ ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದೆ. ಬಲಗಣ್ಣಿನ ಪಾಪೆಯಲ್ಲಿ ಹಾಲಿನಂಥ ಪೊರೆ ತುಂಬಿತ್ತು, ಎಡಗಣ್ಣು ಮಬ್ಬಾಗುತ್ತಿತ್ತು. ರಜೆಯೆಲ್ಲ ನಿನ್ನೆದುರು ಕೂತು ಉಂಡವನು ನಾನು, ನೈರೋಬಿಯ ಕತೆ ಹೇಳಿದವನು ನಾನು. ಕಂಡಿರಲಿಲ್ಲ. "ಯಾಕ ಹೇಳಲಿಲ್ಲ?" ಎಂದು ಸಂತೆಯಲ್ಲೇ ಕೂಗಾಡಿದೆ.

"ನೀ ಡಾಕ್ಟರಾಗಿ ನೀನ ತಗೀತಿ ಅಂತ ಸುಮ್ಮಕಿದ್ನಿ," ಎಂದೆ ನೀನು, ಅದರಲ್ಲೇನಿದೆ ಎಂಬಂತೆ.

ಅಂದು ಟಗರುಗಳನ್ನಷ್ಟೇ ಮಾರಿ, ಉಳಿದ ಹಿಂಡನ್ನು ಮನೆಗೆ ಹೊಡೆದುಕೊಂಡು ಬಂದೆವು.

ಬಲಗಣ್ಣಿನ ಪೊರೆ ತೆಗೆಸಲು ಕರೆತಂದಾಗ ಪುಣೆಯ ಆಸ್ಪತ್ರೆಯಲ್ಲಿ ನೀನು ಹಿಡಿದ ಹಟ ಏನು ಹೇಳಲಿ! "ನನ್ನ ಹುಡುಗನ ಕೈಲೇ ಮಾಡಸ್ರಿ," ಎಂದು ದೊಡ್ಡ ಡಾಕ್ಟರರಿಗೇ ಹೇಳಿದೆ. ನಾನಿನ್ನೂ ಕಲಿಯುವವನು, ಯಾರ ಕಣ್ಣನ್ನೂ ಕೊಯ್ದವನಲ್ಲ ಎಂದು ನಿನ್ನ ಕಾಲು ಹಿಡಿದೆ. "ಹಂಗಾದ್ರ ನೀ ನನ್ನ ತಲಿ ಹಿಡಕೊಂಡ ನಿಂದ್ರು," ಎಂದೆ ನೀನು. ಹಿಡಿದು ನಿಂತೆ. ನೀನು ಅಲುಗಾಡಲಿಲ್ಲ.

ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಹಾಕಿದಾಗ ನೀನು ನನ್ನನ್ನು ಬಹಳ ಹೊತ್ತು ನೋಡಿದೆ. "ಎಷ್ಟ ಸೊರಗೀಯೋ ಬೀರಾ! ನಾ ಏನ ಮೈ ತುಂಬಿರಬೇಕು ಅಂತ ತಿಳಕೊಂಡಿದ್ನಿ." ವಾರ್ಡಿನವರೆಲ್ಲ ನಕ್ಕರು. ನಾನು ಹೊರಗೆ ಹೋಗಿ ಕಣ್ಣೊರೆಸಿಕೊಂಡೆ.

ಈಗ ಹೇಳಬೇಕಾದದ್ದು ಹೇಳುತ್ತೇನೆ. ಶೇರು ಕೊಳ್ಳಲಿಲ್ಲ. ಹುಕ್ಕೇರಿಯ ಜಾಗಕ್ಕೂ ಹೂಂ ಎಂದಿಲ್ಲ. ಪರೀಕ್ಷೆಯಾದ ಮೇಲೂ ಒಂದು ವರ್ಷ ತಡೆದು ಬರುತ್ತೇನೆ, ಕಾಯುವುದಾದರೆ ಕಾಯಿರಿ ಎಂದು ನೈರೋಬಿಗೆ ಬರೆದಿದ್ದೇನೆ. ಕುಲಕರ್ಣಿ ನನ್ನನ್ನು ಹುಚ್ಚ ಎಂದ. ಇರಬಹುದು. ಹೋಗುವ ಆಸೆ ಸತ್ತಿಲ್ಲ ಅತ್ತೀ. ಹಡಗಿನ ಮಾತು ಬಂದರೆ ಈಗಲೂ ಎದೆ ಹಿಗ್ಗುತ್ತದೆ. ನಿನ್ನನ್ನು ಬಿಟ್ಟಿರಬಲ್ಲೆನೇ ಎಂದು ಕೇಳಿಕೊಂಡರೆ ಅದೇ ಎದೆ ಕುಸಿಯುತ್ತದೆ. ಇವೆರಡರಲ್ಲಿ ಯಾವುದು ಹೆಚ್ಚೆಂದು ನನಗೇ ಗೊತ್ತಾಗುತ್ತಿಲ್ಲ. ಗೊತ್ತಿದೆಯೆಂದು ನಿನ್ನೆದುರು ನಟಿಸಲಾರೆ.

ಒಂದು ಮಾತ್ರ ಗಟ್ಟಿ ಮಾಡಿದ್ದೇನೆ. ನಿನ್ನ ಎಡಗಣ್ಣಿನ ಪೊರೆ ಇನ್ನೂ ಬಲಿತಿಲ್ಲ, ತೆಗೆಯಲು ಒಂದು ವರ್ಷವಾದರೂ ಬೇಕು ಎಂದರು ದೊಡ್ಡ ಡಾಕ್ಟರರು. ಪರೀಕ್ಷೆಯಾದ ಮೇಲಿನ ಆ ವರ್ಷ ಅವರ ಕೈಕೆಳಗಿದ್ದು ಕಣ್ಣಿನ ಕೆಲಸವನ್ನೇ ಕಲಿಯುತ್ತೇನೆ ಎಂದು ಕೇಳಿಕೊಂಡೆ. ಒಪ್ಪಿದ್ದಾರೆ. ಅಷ್ಟರಲ್ಲಿ ಬೇರೆ ಯಾರಾದರೂ ತೆಗೆಯುತ್ತೇವೆಂದು ಬಂದರೆ ಒಲ್ಲೆ ಎನ್ನು. ಆ ಕಣ್ಣು ನನಗಿರಲಿ.

ಬೀರಪ್ಪ ದೇವರು ನಿನ್ನನ್ನೂ ಹಿಂಡನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಮಡಿಲಲ್ಲಿ ಬೆಳೆದ
ಬೀರಸಿದ್ದ