ತಪ್ಪು ಯಾರದೆಂದು ಬರೆಯದ ಕಾಗದ

ತಾರೀಖು ಹದಿನಾಲ್ಕು, ಗುರುವಾರ
ಮಧ್ಯಾಹ್ನ, ಊಟದ ಪಾತ್ರೆ ತೊಳೆದಿಟ್ಟ ಮೇಲೆ

ನನ್ನ ಮಗಳಿಗೆ,

ಕಾಗದ ನೋಡಿ ಗಾಬರಿಯಾಗಬೇಡ. ಮಂಡಿ ಒಂದು ಬಿಟ್ಟರೆ ನಾನು ಗಟ್ಟಿಯಾಗಿಯೇ ಇದ್ದೇನೆ. ಪ್ರತಿ ಭಾನುವಾರ ಫೋನಿನಲ್ಲಿ ಸಿಗುವ ಅಮ್ಮನಿಗೆ ಈಗ ಬರೆಯುವ ಚಟ ಯಾಕೆ ಹತ್ತಿತು ಎಂದುಕೊಳ್ಳುತ್ತೀಯ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮಾತು ತಿರುಗಿಸಿಬಿಡುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು.

ನಿಮ್ಮಪ್ಪ ಹೋದ ದಿನದ ವಿಷಯ ಬರೆಯಬೇಕು. ಆರು ವರ್ಷದಿಂದ ನೀನು ಅಣ್ಣನ ಜೊತೆ ಮಾತು ಬಿಟ್ಟಿದ್ದೀಯ. ಅವನು ಫೋನ್ ಎತ್ತಿದರೆ ‘ಅಮ್ಮನಿಗೆ ಕೊಡಿ’ ಎನ್ನುತ್ತೀಯ, ದಾರಿಹೋಕನಿಗೆ ಹೇಳಿದ ಹಾಗೆ. ಅದೆಲ್ಲ ಆ ದಿನದ ಕಾರಣಕ್ಕೆ. ಆದರೆ ಅಲ್ಲಿಗೆ ಬರುವ ಮೊದಲು ಅವನ ಮಗಳ ಕೆಲಸದ ಬಗ್ಗೆ ಹೇಳಬೇಕು. ಈ ಗೊಂದಲವನ್ನು ನನ್ನ ತಲೆಗೆ ಹಾಕಿದವಳು ಅವಳೇ.

ನಮ್ಮ ಸೋಡಾಬುಡ್ಡಿ ಈಗ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಕೆಲಸವೆಂದರೆ ಬೆಳಗಿನಿಂದ ಪರದೆಯನ್ನು ದಿಟ್ಟಿಸುವುದು, ಕೂದಲು ಕಿತ್ತುಕೊಳ್ಳುವುದು, ಆಮೇಲೆ ಒಂದೇ ಒಂದು ಸಾಲು ಬರೆದು ಗೆದ್ದವಳ ಹಾಗೆ ಟೀ ಕೇಳುವುದು. ಒಂದು ಸಲ ಯಾರೋ ಬರೆದಿಟ್ಟದ್ದನ್ನು ಓದುತ್ತಾ ಯಾವ ಮುಠ್ಠಾಳನ ಕೆಲಸ ಇದು ಎಂದು ಬೈದಳು. ಹುಡುಕಿದರೆ ಆರು ತಿಂಗಳ ಹಿಂದೆ ತಾನೇ ಬರೆದದ್ದು. ಅವಳ ಶಾಸ್ತ್ರಗಳೂ ಬೇಕಾದಷ್ಟಿವೆ. ಶುಕ್ರವಾರ ಸಂಜೆ ಹೊಸದೇನನ್ನೂ ಚಾಲೂ ಮಾಡಬಾರದಂತೆ, ಕೆಟ್ಟರೆ ಶನಿವಾರ ಹಾಳು. ಸರಿಯಾಗಿ ನಡೆಯುತ್ತಿರುವುದನ್ನು ಸುಮ್ಮನೆ ಕೆದಕಬಾರದಂತೆ. ಅರ್ಧ ದಿನ ತಲೆ ಕೆರೆದುಕೊಂಡೂ ತಿಳಿಯದಿದ್ದರೆ ನಾಚಿಕೆ ಬಿಟ್ಟು ಪಕ್ಕದವರನ್ನು ಕೇಳಬೇಕಂತೆ. ಇಷ್ಟು ಹೇಳಿಕೊಡಲು ಕಾಲೇಜು ಬೇಕಿತ್ತೇ ಎಂದು ಕೇಳಿದರೆ ನಗುತ್ತಾಳೆ.

ಹೋದ ತಿಂಗಳು ಒಂದು ಎಡವಟ್ಟು ಮಾಡಿದಳು. ಆಸ್ಪತ್ರೆಗಳಲ್ಲಿ ಯಾರು ಎಷ್ಟು ಹೊತ್ತಿಗೆ ಡಾಕ್ಟರನ್ನು ಕಾಣಬೇಕು ಎಂಬ ಪಟ್ಟಿ ಇಡುವುದು ಇವಳ ಕಂಪನಿಯ ಕೆಲಸ. ಆ ಪಟ್ಟಿಯದು ಎರಡು ಪ್ರತಿ ಇರುತ್ತದೆ. ಒಂದು ನಿಜದ್ದು, ಇನ್ನೊಂದು ಪರೀಕ್ಷೆ ಮಾಡಿ ನೋಡಲಿಕ್ಕೆ ಇಟ್ಟದ್ದು. ಸುಳ್ಳು ಪಟ್ಟಿ ಎಂದುಕೊಂಡು ನಿಜದ್ದನ್ನೇ ಅಳಿಸಿ ಕೂತಳು. ಸಾವಿರ ಜನರ ಸರದಿ ಮಾಯ. ಸಂಜೆಯೊಳಗೆ ಹೇಗೋ ಸರಿಮಾಡಿದರು, ಆದರೆ ಅಷ್ಟರಲ್ಲಿ ಆಸ್ಪತ್ರೆಗಳಲ್ಲಿ ಜನ ಜಗಳಕ್ಕೇ ನಿಂತಿದ್ದರಂತೆ.

ಮರುದಿನ ಮೀಟಿಂಗು. ಇವಳ ಕೆಲಸ ಹೋಯಿತು ಎಂದುಕೊಂಡು ನಾನು ಬಾಗಿಲ ಸಂದಿಯಲ್ಲಿ ನಿಂತೆ. ಬೈಗುಳ ಬಂದರೆ ನಾನೂ ನಾಲ್ಕು ಮಾತು ಆಡುವ ಅಂತ ಸೆರಗು ಸಿಕ್ಕಿಸಿಕೊಂಡಿದ್ದೆ. ಒಂದೂ ಬರಲಿಲ್ಲ. ಇವಳ ಮೇಲಿನ ಹೆಂಗಸು ಕೇಳಿದ್ದು ಒಂದೇ, ಎರಡೂ ಪರದೆ ಒಂದೇ ಥರ ಕಾಣುತ್ತಿದ್ದದ್ದು ಯಾಕೆ ಎಂದು. ಮಾಡಿದವಳು ಇವಳು, ಉತ್ತರ ಕೊಡಬೇಕಾದದ್ದು ಪರದೆ. ಆಮೇಲೆ ಎಲ್ಲರೂ ಕೂತು ವರದಿ ಬರೆದರು. ಎಷ್ಟು ಹೊತ್ತಿಗೆ ಏನಾಯಿತು, ಆಗ ಯಾರಿಗೆ ಏನು ಗೊತ್ತಿತ್ತು, ಏನು ಮಾಡಿದರು, ಇಷ್ಟೇ. ತಪ್ಪು ಯಾರದು ಎಂದು ಬರೆಯುವ ಹಾಗಿಲ್ಲ.

ಹೀಗಾದರೆ ಕಳ್ಳನೂ ಸುಖವಾಗಿ ಮನೆಗೆ ಹೋಗುತ್ತಾನಲ್ಲ ಎಂದೆ. ಅವಳು ಹೇಳಿದಳು, “ಬೈತಾರೆ ಅಂತ ಗೊತ್ತಾದ್ರೆ ಜನ ಮುಚ್ಚಿಡ್ತಾರೆ ಅಜ್ಜಿ. ಮುಚ್ಚಿಟ್ಟಿದ್ದನ್ನ ರಿಪೇರಿ ಮಾಡೋದು ಹೇಗೆ?”

ಆಮೇಲೆ ನಾಲ್ಕು ದಿನ ನನಗೆ ಊಟ ರುಚಿಸಲಿಲ್ಲ. ಹಾಗಾಗಿ ನಾನೂ ಆ ದಿನದ ವರದಿ ಬರೆಯುತ್ತಿದ್ದೇನೆ. ಅವಳ ಹಾಗೆ ಬರೆಯಲು ಬರುತ್ತದೋ ಇಲ್ಲವೋ ಗೊತ್ತಿಲ್ಲ.

ಬೆಳಿಗ್ಗೆ ಒಂಬತ್ತೂವರೆಗೆ ಆಸ್ಪತ್ರೆಯಲ್ಲಿ ಡಾಕ್ಟರು ಬಂದು ಹತ್ತಿರದವರನ್ನೆಲ್ಲ ಕರೆಸಿಕೊಳ್ಳಿ ಎಂದರು. ಆಗ ನಮಗೆ ಗೊತ್ತಿದ್ದದ್ದು: ನಿನ್ನ ಕೊನೆಯ ಪರೀಕ್ಷೆ ಹತ್ತಕ್ಕೆ, ಎರಡು ಮಕ್ಕಳಾದ ಮೇಲೆ ಹಟ ಹಿಡಿದು ಓದಿದ್ದು, ಎರಡು ಸಲ ಫೇಲಾಗಿದ್ದು. ಇನ್ನೂ ಒಂದು ಗೊತ್ತಿತ್ತು. ತಕ್ಷಣ ಹೇಳಿದರೆ ನೀನು ಬಸ್ಸು ಹಿಡಿದು ಹನ್ನೆರಡಕ್ಕೆಲ್ಲ ಬಂದುಬಿಡುತ್ತಿದ್ದೆ.

ಒಂಬತ್ತೂ ಮುಕ್ಕಾಲಿಗೆ ನಿನ್ನ ಅಣ್ಣ ನಿನ್ನ ನಂಬರು ಒತ್ತಿದ. ಹೌದು, ಅವನು ಒತ್ತಿದ. ಅವನ ಕೈಯಿಂದ ಫೋನ್ ಕಿತ್ತುಕೊಂಡವಳು ನಾನು. ಪರೀಕ್ಷೆ ಮುಗಿಯಲಿ, ಈ ಮುದುಕ ಅಷ್ಟು ಸುಲಭಕ್ಕೆ ಹೋಗುವ ಆಸಾಮಿಯಲ್ಲ ಎಂದೆ. ಫೋನನ್ನು ನನ್ನ ಚೀಲದೊಳಗೆ ಹಾಕಿ ಚೀಲದ ಮೇಲೆ ಕೈಯಿಟ್ಟು ಕೂತೆ.

ಹನ್ನೆರಡರ ಹೊತ್ತಿಗೆ ನಿಮ್ಮಪ್ಪ ಕಣ್ಣು ಬಿಟ್ಟರು. “ಮಗಳು ಎಲ್ಲಿ?” ಎಂದರು. ಬಸ್ಸಿನಲ್ಲಿದ್ದಾಳೆ ಎಂದೆ. ಆಮೇಲೆ ಬಾಗಿಲ ಕಡೆಗೇ ಮುಖ ಮಾಡಿಕೊಂಡರು. ದಿಂಬು ಸರಿಮಾಡುವ ನೆಪದಲ್ಲಿ ನನ್ನ ಕಡೆ ತಿರುಗಿಸಿದೆ. ಮತ್ತೆ ಆ ಕಡೆಗೇ ಹೊರಳಿದರು. ಒಂದೂವರೆಗೆ ನಿನಗೆ ಫೋನ್ ಹೋಯಿತು. ಎರಡೂ ಇಪ್ಪತ್ತಕ್ಕೆ ಮುಗಿಯಿತು. ನೀನು ಬಂದದ್ದು ನಾಲ್ಕಕ್ಕೆ.

ಆಸ್ಪತ್ರೆಯ ವರಾಂಡದಲ್ಲಿ ನೀನು ‘ಯಾಕೆ ಹೇಳಲಿಲ್ಲ’ ಎಂದು ಕಿರುಚಿದಾಗ ನಾನು ಬಾಯಿ ತೆರೆಯುವುದರೊಳಗೆ ನಿನ್ನ ಅಣ್ಣ ‘ನಾನೇ ಬೇಡ ಅಂದುಕೊಂಡೆ’ ಎಂದುಬಿಟ್ಟ. ನಾನು ಗೋಡೆಗೆ ಒರಗಿ ನಿಂತಿದ್ದೆ. ಬಾಯಿ ತೆರೆಯುವುದರೊಳಗೆ ಎಂದು ಈಗಷ್ಟೇ ಬರೆದೆ. ತೆರೆಯುತ್ತಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

ಅವಳ ವರದಿಯಲ್ಲಿ ಕೊನೆಗೆ ಯಾಕೆ, ಯಾಕೆ ಎಂದು ಕೇಳುತ್ತಾ ಹೋಗಬೇಕಂತೆ, ಬುಡ ಸಿಗುವವರೆಗೆ. ಎದುರುಮನೆಯವಳ ಕಥೆ ಎಂದು ಸುಳ್ಳು ಹೇಳಿ ಇದನ್ನು ಸೋಡಾಬುಡ್ಡಿಯ ಮುಂದಿಟ್ಟೆ. ಆ ಅಜ್ಜಿ ಫೋನ್ ಯಾಕೆ ಕಿತ್ತುಕೊಂಡರು ಎಂದಳು. ಪರೀಕ್ಷೆಗೆ ಎಂದೆ. ಪರೀಕ್ಷೆಯನ್ನು ಇನ್ನೊಂದು ಸಲ ಬರೆಯಬಹುದಿತ್ತಲ್ಲ, ಮತ್ತೆ ಯಾಕೆ ಎಂದಳು. ಎದುರುಮನೆಯವಳ ಪರವಾಗಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಿನಗೆ ಬೇರೆ ಕೆಲಸವಿಲ್ಲವೇ ಎಂದು ಎದ್ದು ಹೋದೆ.

ಸ್ನಾನದ ಮನೆಯಲ್ಲಿ ಕೂತು ನನ್ನನ್ನು ನಾನೇ ಕೇಳಿಕೊಂಡೆ. ನಲವತ್ತು ವರ್ಷ ಅವರಿಗೆ ಬೇಯಿಸಿ ಹಾಕಿದವಳು ನಾನು. ನೀನು ಮನೆಯೊಳಗೆ ಕಾಲಿಟ್ಟರೆ ಮಾತ್ರ ಅವರ ಮುಖ ಅರಳುತ್ತಿತ್ತು. ಕೊನೆಯ ಒಂದು ಬೆಳಗಾದರೂ ನನ್ನ ಪಾಲಿಗಿರಲಿ ಎಂದುಕೊಂಡೆನೋ ಏನೋ. ಅಥವಾ ನಿನ್ನ ಪರೀಕ್ಷೆಯೇ ನಿಜವಾದ ಕಾರಣವೋ. ಒಂದು ದಿನ ಇದು ಅನ್ನಿಸುತ್ತದೆ, ಮಾರನೆಯ ದಿನ ಅದು. ಎರಡೂ ಇತ್ತು ಎಂದು ಬರೆದರೆ ಜಾಣತನವಾಗುತ್ತದೆ. ನನಗೆ ನಿಜವಾಗಿಯೂ ಗೊತ್ತಿಲ್ಲ ಮಗಳೇ. ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ನನಗೇ ಗೊತ್ತಿಲ್ಲದಿದ್ದರೆ ಇನ್ಯಾರನ್ನು ಹೋಗಿ ಕೇಳಲಿ?

ಇದು ಕ್ಷಮೆ ಕೇಳುವ ಕಾಗದವೋ, ಬರೀ ವರದಿಯೋ, ಅದೂ ತಿಳಿಯದು. ಸೋಡಾಬುಡ್ಡಿಯ ಕಂಪನಿಯವರು ನಿಜದ ಪಟ್ಟಿ ಯಾವುದೆಂದು ಗುರುತಾಗಲಿ ಎಂದು ಅದರ ಪರದೆಯ ಅಂಚಿಗೆ ಕೆಂಪು ಬಣ್ಣ ಬಳಿದು ಕೈತೊಳೆದುಕೊಂಡರು. ನಾನು ಎಲ್ಲಿಗೆ ಬಣ್ಣ ಬಳಿಯಲಿ? ನಿನಗೆ ಬೈಯಬೇಕೆನಿಸಿದರೆ ಬೈಯಿ. ಅವರ ನಿಯಮ ಅವರ ಆಫೀಸಿಗೆ. ಬೈಯುವ ವಿಳಾಸ ಮಾತ್ರ ಸರಿಯಾಗಿರಲಿ ಎಂದು ಇಷ್ಟೆಲ್ಲ ಬರೆದೆ.

ಮಕ್ಕಳಿಗೆ ಆಶೀರ್ವಾದ. ಅಳಿಯಂದಿರಿಗೆ ಸಕ್ಕರೆ ಕಡಿಮೆ ಮಾಡಲು ಹೇಳು.

ಹೆತ್ತದ್ದಂತೂ ನಾನೇ, ಅದರಲ್ಲಿ ಗೊಂದಲವಿಲ್ಲ,
ನಿನ್ನ ಅಮ್ಮ

ಮಡಚುವ ಮೊದಲು ಇನ್ನೆರಡು ಮಾತು: ಈ ಕಾಗದ ಬರೆಯುತ್ತೇನೆಂದು ಬೆಳಿಗ್ಗೆ ನಿನ್ನ ಅಣ್ಣನಿಗೆ ಹೇಳಿದೆ. ತಲೆಯ ಮೇಲಿನ ಭಾರ ಇಳಿದ ಹಾಗಾಗುತ್ತದೆ ಅವನಿಗೆ ಎಂದುಕೊಂಡಿದ್ದೆ. ಗಡ್ಡ ಕೆರೆದುಕೊಳ್ಳುತ್ತಿದ್ದವನು ಕನ್ನಡಿಯಿಂದ ತಿರುಗಲೂ ಇಲ್ಲ. “ಬರೀಬೇಡಮ್ಮ. ಅವಳಿಗೆ ಅಪ್ಪ ಇಲ್ಲ, ನನ್ನ ಹತ್ರ ಮಾತಿಲ್ಲ. ಇನ್ನು ನೀನೂ ಬೇಡ ಅನ್ನಿಸಿಬಿಟ್ರೆ ಅವಳು ಫೋನ್ ಮಾಡೋದು ಯಾರಿಗೆ?” ಎಂದ. ಆದರೂ ಬರೆದೆ. ಅಂಚೆಗೆ ಹಾಕಲು ನಾನೇ ನಡೆದು ಹೋಗುತ್ತಿದ್ದೇನೆ. ಅವನ ಕೈಗೆ ಕೊಟ್ಟರೆ ಹಾಕುವುದಿಲ್ಲ.