ಮುಂತಜಾ ಬ್ರದರ್ಸ್ ಹಾಡಿನ ಪುಸ್ತಕ

ಅಲ್ ಮುಂತಜಾ, ದೋಹಾ
೧೪ ಮಾರ್ಚ್ ೧೯೯೭, ಶುಕ್ರವಾರ

ಬೋನಾ,

ನಾನು ಕ್ಷೇಮ. ನಿನ್ನ ಕ್ಷೇಮ ಕೇಳುವುದಿಲ್ಲ. ಬಹ್ರೇನಿನಿಂದ ಬಂದವರೆಲ್ಲ ಕೇಳದೆಯೇ ಹೇಳುತ್ತಾರೆ. ಎಲೈಜಾ ಎಂಬವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೋಟೆಲಿನಲ್ಲಿ ಹಾಡುತ್ತಿದ್ದೀಯಂತೆ. ಸಂತೋಷ. ಎರಡು ತಿಂಗಳ ಮೇಲೆ ನಿನ್ನ ಕಾಗದ ಬಂತಲ್ಲ ಎಂದು ಕೆಲಸದ ಬಟ್ಟೆಯನ್ನೂ ಬಿಚ್ಚದೆ ಓದಿದೆ. ಏನಿತ್ತು ಅದರಲ್ಲಿ? ನಮ್ಮ ಹಾಡಿನ ಪುಸ್ತಕ ಬೇಕು, ನಮ್ಮ ಸಂಘದ ಸುಶಾಂತ ಬಹ್ರೇನಿಗೆ ಬರುವಾಗ ಅವನ ಕೈಯಲ್ಲಿ ಕಳಿಸಿ ಎಂದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು, ಅಲ್ಲವಾ?

ಆ ಪುಸ್ತಕ ಯಾಕೆ ಹುಟ್ಟಿತು ಎಂಬುದು ನಿನಗೆ ಮರೆತಿರಬೇಕು. ನಾನು ಏಳನೇ ಕ್ಲಾಸು ಓದಿದ ಎ.ಸಿ. ರಿಪೇರಿಯವನು. ಊರಿನ ಭಜನಾ ಮಂಡಳಿ ಬಿಟ್ಟರೆ ಬೇರೆಲ್ಲೂ ಬಾಯಿ ತೆರೆದವನಲ್ಲ. ಅಮೆರಿಕದ ಹಳ್ಳಿಯವರು ಹಾಡುವ ಕಂಟ್ರಿ ಹಾಡು ನನಗೇಕೆ ಬೇಕಿತ್ತು? ನಾನು ಬಟ್ಟೆ ಒಗೆಯುತ್ತ ಗುನುಗುವುದನ್ನು ಕೇಳಿ ಗಿಟಾರ್ ಎತ್ತಿಕೊಂಡು ಬಂದವನು ನೀನು. "ನಿಮ್ಮ ಸ್ವರ ಒಂದು ಕೊಡಿ ದೇಜಣ್ಣ, ಅರ್ಥಗಿರ್ಥ ಎಲ್ಲ ನಾನು ನೋಡಿಕೊಳ್ತೇನೆ ಮಾರಾಯ್ರೆ" ಎಂದವನೂ ನೀನೇ. ನಿನ್ನ ಮನೆಮಾತು ಕೊಂಕಣಿ, ನನ್ನದು ತುಳು. ಇಬ್ಬರಿಗೂ ಬರುವ ಕನ್ನಡ ಅಕ್ಷರದಲ್ಲಿ ನೀನು ಇಂಗ್ಲಿಷ್ ಹಾಡುಗಳನ್ನು ಬರೆದುಕೊಟ್ಟೆ. ಉಸಿರು ಎಳೆಯಬೇಕಾದಲ್ಲಿ ಕೆಂಪು ಗೀಟು. ನಾನು ಶ್ಲೋಕದ ಹಾಗೆ ಬಾಯಿಪಾಠ ಮಾಡಿದೆ.

ಕಳೆದ ವರ್ಷ ಏಪ್ರಿಲಿನಲ್ಲಿ ಬಿಸು ಹಬ್ಬ ಮುಗಿದ ಮರು ಶುಕ್ರವಾರ ನಮ್ಮ ಸಂಘದ ಸ್ಟೇಜಿನಲ್ಲಿ ಮುಂತಜಾ ಬ್ರದರ್ಸ್ ಎಂದು ಹೆಸರಿಟ್ಟುಕೊಂಡು ಮೊದಲ ಸಲ ಹಾಡಿದಾಗ ನಮ್ಮವರು ನಕ್ಕದ್ದು ನಮ್ಮ ಕೌಬಾಯ್ ಟೋಪಿ ನೋಡಿ. ನನ್ನದು ದೊಡ್ಡದಾಗಿ ಒಳಗೆ ಅರಬ್ಬಿ ಪೇಪರ್ ತುರುಕಿದ್ದೆವು. ಆಮೇಲೆ ತೈಲ ಕಂಪನಿಯ ಅಮೆರಿಕದವರು ಪ್ರತಿ ಗುರುವಾರ ಕರೆಯತೊಡಗಿದರು. ಅವರು ನನ್ನನ್ನು ಡೇವ್ ಎಂದರು, ನೀನು ತಿದ್ದಲಿಲ್ಲ. ಆದರೂ ಹೇಳುತ್ತೇನೆ, ಆ ಎಂಟು ತಿಂಗಳು ನಾನು ಸುಖವಾಗಿದ್ದೆ. ಬಿಸಿಲಿನಲ್ಲಿ ತಾರಸಿ ಹತ್ತಿ ಎ.ಸಿ. ಬಿಚ್ಚುವಾಗಲೂ ಬಾಯಲ್ಲಿ ಹಾಡಿರುತ್ತಿತ್ತು.

ಇನ್ನು ಡಿಸೆಂಬರ್ ಹನ್ನೆರಡರ ಸಂಜೆ. ಅಲ್ ಗರಾಫಾದ ವಿಲ್ಲಾದಲ್ಲಿ ದೊಡ್ಡ ಎಂಜಿನಿಯರ್ ಸಾಹೇಬರ ಮದುವೆಯ ಇಪ್ಪತ್ತೈದನೇ ವರ್ಷದ ಪಾರ್ಟಿ. ಅಲ್ಲಿ ಅಡುಗೆಗಿದ್ದ ಉಳ್ಳಾಲದ ಆಯಿಷಮ್ಮನೇ ನಮ್ಮ ಹೆಸರು ಹೇಳಿ ಕರೆಸಿದ್ದರು. ರಾಗ ಚಂದ ಎಂದು ನಾನೊಂದು ಹಾಡು ಎತ್ತಿದೆ. ಎರಡನೇ ಸಾಲಿಗೇ ನಿನ್ನ ಗಿಟಾರ್ ನಿಂತಿತು. ತಂತಿ ತುಂಡಾಯಿತೆಂದು ತಿಳಿದು ನಾನು ಇನ್ನೂ ಗಟ್ಟಿಯಾಗಿ ಹಾಡಿದೆ. ಹೆಂಡತಿಯನ್ನು ಮಣ್ಣು ಮಾಡಿ ಬಂದವನು, ಬಾಗಿಲಲ್ಲಿ ಅವಳ ಚಪ್ಪಲಿ ನೋಡಿ ಅಳುವ ಹಾಡಂತೆ ಅದು! ಸಾಹೇಬರ ಹೆಂಡತಿ ದೊಡ್ಡ ಆಪರೇಷನ್ ಮುಗಿಸಿ ಬಂದು ತಿಂಗಳಾಗಿರಲಿಲ್ಲ. ಅವರು ಎದ್ದು ಒಳಗೆ ಹೋದರು. ಸಾಹೇಬರು ನಮಗೆ ಗೇಟು ತೋರಿಸಿದರು.

ಅರ್ಥ ನೋಡಿಕೊಳ್ಳುವವನು ನೀನಲ್ಲವಾ? ಅಂಥ ಹಾಡನ್ನು ಪುಸ್ತಕದಲ್ಲಿ ಯಾಕೆ ಬರೆದೆ? ಗಿಣಿಗೆ ಬೈಗುಳ ಕಲಿಸಿ, ಅದು ಬೈದ ಮೇಲೆ ಗಿಣಿಯ ಕುತ್ತಿಗೆ ಹಿಚುಕುತ್ತಾರೇನೋ? ಮರುದಿನದಿಂದ ಒಬ್ಬರೂ ಕರೆಯಲಿಲ್ಲ. ನೀನೂ ಮಾತು ಬಿಟ್ಟೆ. ಜನವರಿಯಲ್ಲಿ ನಾನು ಡ್ಯೂಟಿಗೆ ಹೋಗಿದ್ದಾಗ ಗಂಟುಮೂಟೆ ಕಟ್ಟಿ ಹೊರಟುಹೋದೆ. ಮಂಚದ ಮೇಲೆ ನಿನ್ನ ಟೋಪಿ ಮಾತ್ರ ಬಿಟ್ಟಿದ್ದೆ. ಕರೆಯುವವರು ನಿಂತ ಮೇಲೆಯೇ ಎಲೈಜಾನ ಜೊತೆ ಹಾಡುವ ಮಾತಾಯಿತು ಎಂದು ಕಾಗದದ ಕೊನೆಗೆ ಒಂದು ಸಾಲು ಬರೆದಿದ್ದೀಯ. ಅದನ್ನು ನಂಬಲು ನಾನು ಕಿವಿಯಲ್ಲಿ ಹೂ ಇಟ್ಟುಕೊಂಡಿಲ್ಲ.

ಪುಸ್ತಕ ಕೊಡುವುದಿಲ್ಲ. ಅದರ ಕೆಂಪು ಗೀಟುಗಳು ನನ್ನ ಉಸಿರಿನ ಅಳತೆಗೆ ಹಾಕಿದವು, ಎಲೈಜಾನ ಉಸಿರಿಗಲ್ಲ. ಇನ್ನು ಕಾಗದ ಬರೆಯಬೇಡ. ಖಲಾಸ್.

ಯಾವತ್ತೂ ಡೇವ್ ಆಗಿರದ,
ದೇಜಪ್ಪ

ತಾ.ಕ.: ಶನಿವಾರ. ಪುಸ್ತಕವನ್ನು ಸುಶಾಂತನ ಕೈಯಲ್ಲಿ ಕೊಟ್ಟಿದ್ದೇನೆ. ಒಂದು ಹಾಳೆ ಕಡಿಮೆ ಇದೆ, ಹುಡುಕಬೇಡ. ಆ ಹಾಡಿನ ಕೆಳಗೆ ಪೆನ್ಸಿಲಿನಲ್ಲಿ ನೀನು ಬರೆದಿದ್ದೆ: "ದೇಜಣ್ಣ, ಇದು ಹೆಂಡತಿ ಸತ್ತವನ ಹಾಡು. ರೂಮಿನಲ್ಲಿ ನಾವಿಬ್ಬರೇ ಹಾಡುವ, ಪಾರ್ಟಿಯಲ್ಲಿ ಬೇಡ." ಅವತ್ತು ಸ್ಟೇಜು ಹತ್ತುವ ಮೊದಲು ಅದನ್ನು ಇನ್ನೊಮ್ಮೆ ಓದಿಯೇ ಹತ್ತಿದೆ. ತಂತಿ ತುಂಡಾಯಿತೆಂದು ತಿಳಿದೆ ಎಂದದ್ದು ಸುಳ್ಳು. ಮಧ್ಯಾಹ್ನ ಸ್ಪೀಕರ್ ಇಡಲು ಹೋದ ನೀನು ಆ ಮನೆಯ ಫೋನಿನಲ್ಲಿ ಬಹ್ರೇನಿನ ಎಲೈಜಾ ಎಂಬವನ ಜೊತೆ ಮಾತಾಡಿದೆ ಎಂದು ಆಯಿಷಮ್ಮ ಹೇಳಿದ್ದರು. ಏನು ಮಾತು ಎಂದು ನಿನ್ನನ್ನೇ ಕೇಳಬಹುದಿತ್ತು. ಕೇಳಲಿಲ್ಲ. ನೀನು ಬಿಟ್ಟು ಹೋಗುವ ಮೊದಲು ನಾನೇ ಮುಗಿಸಬೇಕು ಅನ್ನಿಸಿತು. ಕಲ್ಲು ಎಸೆದದ್ದು ನಿನಗೆ, ತಾಗಿದ್ದು ಸಾಹೇಬರ ಹೆಂಡತಿಗೆ. ಅವರ ಆಪರೇಷನ್ ವಿಷಯವೂ ನನಗೆ ಗೊತ್ತಿತ್ತು ಬೋನಾ. ಹಾಳೆ ನನ್ನ ಹತ್ತಿರವೇ ಇರಲಿ. ಇಡೀ ಪುಸ್ತಕದಲ್ಲಿ ನಿನ್ನ ಕೈಯಿಂದ ನನ್ನ ಹೆಸರು ಬರೆದಿರುವುದು ಅದೊಂದರಲ್ಲೇ.