ಗುರುವಾರದ ಸಭೆಗೆ ನೀನೇ ಹೋಗು

ಗೋಕಾಕ
ಜನವರಿ ೧೮, ಸೋಮವಾರ

ಮಗಳು ಅನ್ನಪೂರ್ಣಾಗೆ,

...ಹಾಗೆ ದಿಲ್ಲಿಯ ಆ ಸಂಸತ್ತಿನ ಕಟ್ಟಡದೊಳಗೆ ಎರಡು ಮನೆಗಳಿವೆ ಎಂದು ಹೇಳುತ್ತಿದ್ದೆನಲ್ಲ, ಅಷ್ಟರಲ್ಲಿ ನಿನ್ನೆ ಸಿದ್ರಾಯ ಫೋನು ಕಸಿದುಕೊಂಡು "ಮಾವಾ, ಊಟ ಆತೇನ್ರಿ?" ಎಂದ. ಊಟ ಆಗಿತ್ತು. ಮಾತು ಆಗಿರಲಿಲ್ಲ. ಅದಕ್ಕೇ ಈ ಕಾಗದ. ಫೋನು ಹಚ್ಚಿದರೆ ಎತ್ತುವವನು ನಿನ್ನ ಗಂಡ. ನಿನಗೆ ಕೊಡು ಎಂದರೆ ಸ್ಪೀಕರ್ ಹಾಕಿ ಬಾಜೂಕ್ಕೇ ಕೂರುವವನೂ ಅವನೇ. ಕಾಗದವಾದರೆ ಒಬ್ಬಳೇ ಓದಬಹುದು. ದಿಲ್ಲಿಯಿಂದ ಬಂದು ಮೂರು ವಾರವಾದರೂ ನಾಲ್ಕು ಸಾಲು ಬರೆಯಲಿಲ್ಲ, ಬೇಜಾರಾಗಬೇಡ. ನೆಗಡಿಯಾಗಿತ್ತು ಎನ್ನಬಹುದಿತ್ತು, ಆದರೆ ಅದು ಐದೇ ದಿನಕ್ಕೆ ಹೋಯಿತು.

ನಿನ್ನೆ ಅವನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಗುರುವಾರ ಪಂಚಾಯ್ತಿ ಮೀಟಿಂಗ್ ಐತ್ರಿ ಮಾವಾ. ಅಕೀಗ್ಯಾಕ ತ್ರಾಸ ಕೊಡೂದು? ನಾನ ಹೋಗಿ ಬರ್ತೇನಿ. ಒಂದ್ ಸಹಿ ಅಷ್ಟ ಅಲ್ಲೇನ್ರಿ, ಬುಕ್ಕ ಮನಿಗೇ ತರಸ್ತೇನಿ." ಹಿಂದಿನಿಂದ ನಿನ್ನ ದನಿ: "ಹೌದ್ರಿ ಅಪ್ಪಾ, ಮಂದ್ಯಾಗ ನನಗ ಮಾತಾಡಾಕ ಬರೂದಿಲ್ಲ. ಅವರ ಹೋಗಲಿ ಬಿಡ್ರಿ."

ಓಟಿಗೆ ನಿಂತು ಪಂಚಾಯತಿ ಮೆಂಬರ್ ಆಗಿ ಗೆದ್ದವಳು ನೀನಲ್ಲವೇ? ಗುರುವಾರ ಅವರು ತೀರ್ಮಾನಿಸುವುದು ನಿಮ್ಮ ಓಣಿಯ ನೀರಿನ ಟಾಕಿ ಎಲ್ಲಿ ಕಟ್ಟಬೇಕು ಎಂಬುದನ್ನು. ದಿನಾ ಕೊಡ ಹೊರುವವಳು ನೀನು, ಟಾಕಿಯ ಜಾಗ ತೋರಿಸಲು ಹೊರಟವನು ಅವನು. ಸಿದ್ರಾಯ ಕೆಟ್ಟವನಲ್ಲ, ನನಗೆ ಗೊತ್ತು. ಕೊಡ ಹೊತ್ತು ನೋಡಿಲ್ಲ, ಅಷ್ಟೇ.

ಇರಲಿ, ದಿಲ್ಲಿಯ ಮಾತಿಗೆ ಬರುತ್ತೇನೆ. ನಮ್ಮ ಕಂಬಳಿ ಸಂಘದಿಂದ ಐದು ಮಂದಿ ಮೇಳಕ್ಕೆ ಹೋಗಿದ್ದೆವು. ನನ್ನ ಜೊತೆ ಓದಿ, ಓದು ಬಿಟ್ಟು ಕುರಿ ಹಿಡಿದ ಲಗಮಪ್ಪನೂ ಇದ್ದ. ಅಲ್ಲಿ ಹುಕ್ಕೇರಿಯ ಕಾಶಿನಾಥ ಎಂಬ ಹುಡುಗ ನಮ್ಮ ಮಾತು ಕೇಳಿಯೇ ಅಂಗಡಿಗೆ ಬಂದ. ಸಂಸತ್ತಿನಲ್ಲಿ ಯಾರಾದರೂ ಕನ್ನಡದಲ್ಲಿ ಮಾತಾಡಿದರೆ ಕೂಡಲೇ ಇಂಗ್ಲಿಷಿಗೆ ತಿರುಗಿಸಿ ಹೇಳುವ ನೌಕರಿ ಅವನದು. "ಕಾಕಾ, ಪಾಸ್ ಮಾಡಸ್ತೇನಿ, ಒಮ್ಮೆ ಒಳಗ ನೋಡ ಬರ್ರಿ" ಎಂದ.

ಬಾಗಿಲಲ್ಲಿ ಫೋನು, ಎಲೆಯಡಿಕೆ ಚೀಲ, ಹೆಗಲ ಮೇಲಿನ ಕಂಬಳಿ, ಎಲ್ಲಾ ತೆಗೆದಿಟ್ಟುಕೊಂಡರು. ಲಗಮಪ್ಪ ಕಂಬಳಿ ಬಿಡಲೊಲ್ಲ. "ನಾಳೆ ವಾಪಸ್ ಕೊಡದಿದ್ರ ಯಾರನ್ ಕೇಳಲಿ, ಪ್ರಧಾನ ಮಂತ್ರೀನ?" ಎಂದ. ಮೇಲ್ಮನೆ, ಕೆಳಮನೆ ಎಂದು ನಾನು ಹೇಳಿದ್ದಕ್ಕೆ ಅವನು ಮೇಲ್ಮನೆಗೆ ಹೋಗುವ ಮೆಟ್ಟಿಲು ಹುಡುಕುತ್ತಿದ್ದ. ಎರಡೂ ಅಕ್ಕಪಕ್ಕದಲ್ಲೇ ಇವೆ. ಬೈಕ್ಯಾಮರಲ್ ಲೆಜಿಸ್ಲೇಚರ್, ಎರಡು ಮನೆಯ ಶಾಸಕಾಂಗ! ಬಿ.ಎ. ಎರಡನೇ ವರ್ಷ ಈ ಶಬ್ದ ಬರೆದು ಬರೆದು ಕೈ ನೋಯಿಸಿಕೊಂಡಿದ್ದೆ, ಕಣ್ಣಿಗೆ ಬಿದ್ದದ್ದು ಈಗ. "ದಿ ಲೋವರ್ ಹೌಸ್ ಈಸ್ ಎಲೆಕ್ಟೆಡ್ ಬೈ ದಿ ಪೀಪಲ್, ವೇರ್ಆ್ಯಸ್..." ಆ ವೇರ್ಆ್ಯಸ್ ಮುಂದಿನದು ಪರೀಕ್ಷೆಯಲ್ಲೂ ನೆನಪಾಗಿರಲಿಲ್ಲ.

ಅದನ್ನು ಕಾಶಿನಾಥ ಬಿಡಿಸಿ ಹೇಳಿದ. ಲೋಕಸಭೆ ಎಂದರೆ ನಾವು ಓಟು ಹಾಕಿ ಕಳಿಸಿದವರು, ಐದು ವರ್ಷದ ಮೇಲೆ ಮತ್ತೆ ನಮ್ಮ ಬಾಗಿಲಿಗೆ ಬರಲೇಬೇಕು. ರಾಜ್ಯಸಭೆಗೆ ಬಹುತೇಕರನ್ನು ಆರಿಸುವವರು ರಾಜ್ಯಗಳ ಎಮ್ಮೆಲ್ಲೆಗಳು. ಅದು ಒಮ್ಮೆಲೇ ಖಾಲಿಯಾಗುವುದೇ ಇಲ್ಲ, ಎರಡು ವರ್ಷಕ್ಕೊಮ್ಮೆ ಮೂರರಲ್ಲೊಂದು ಪಾಲು ಇಳಿದು ಹೊಸಬರು ಬರುತ್ತಾರೆ. ಕಾಯದೆ ಆಗಬೇಕಾದರೆ ಎರಡೂ ಕಡೆ ಒಪ್ಪಿಗೆ ಬೇಕು. ದುಡ್ಡಿನ ಮಸೂದೆಯಲ್ಲಿ ಮಾತ್ರ ಕೆಳಮನೆಯ ಮಾತೇ ಮಾತು. "ಹಿಂಡ ಮೇಯ್ಸೂದೂ ಹಂಗ," ಎಂದ ಲಗಮಪ್ಪ, "ಹಳೇ ಟಗರ ಒಂದಿಷ್ಟು ಇರಬೇಕು, ಇಲ್ಲಾಂದ್ರ ಹೊಸಾ ಕುರಿ ದಾರಿ ತಪ್ತಾವ."

ಒಳಗೆ ಹೋಗಿ ಗ್ಯಾಲರಿಯಲ್ಲಿ ಕುಳಿತೆವು. ಕೆಳಗೆ ಏನೋ ಮಸೂದೆ. ಸಭಾಧ್ಯಕ್ಷರು ಒಪ್ಪುವವರು ಹೇಳಿ ಎಂಬಂತೆ ಕೇಳಿದರು, ಕೆಳಗಿನವರು ಹಾಂ ಎಂದರು. ನಮ್ಮ ಊರಲ್ಲಿ ದೈವ, ಅಂದರೆ ಊರ ಮಂದಿಯೆಲ್ಲ, ಸಭೆ ಕೂಡಿದಾಗ ನೀನೂ ನೋಡಿದ್ದೀ. ಊರ ಹಿರಿಯರು "ಏನಪಾ ದೈವ, ಒಪ್ಪಿಗಿ ಐತೇನು?" ಎಂದರೆ ಕುಳಿತವರೆಲ್ಲ ಹೌದು ಎನ್ನಬೇಕು, ಸುಮ್ಮನಿದ್ದವನನ್ನು ಮುನಿಸಿಕೊಂಡಿದ್ದಾನೆ ಎಂದು ತಿಳಿಯುತ್ತಾರೆ. ರೂಢಿ ನೋಡು. ನಾನೂ ಲಗಮಪ್ಪನೂ ಒಂದೇ ಉಸಿರಿಗೆ "ಹೌದ್ರಿ!" ಎಂದುಬಿಟ್ಟೆವು. ಏನು ಮಸೂದೆಯೋ ದೇವರಿಗೇ ಗೊತ್ತು.

ಸಫಾರಿ ತೊಟ್ಟ ಒಬ್ಬ ಓಡಿ ಬಂದು ಬೆರಳು ತುಟಿಗಿಟ್ಟ. "ನೋ ವಾಯ್ಸ್. ಯೂ ಆರ್ ಸ್ಟ್ರೇಂಜರ್ಸ್." ನಾನು "ಸಾರಿ ಸರ್, ಓಲ್ಡ್ ಹ್ಯಾಬಿಟ್ ಈಸ್ ದೇರ್" ಎಂದೆ. ನಲವತ್ತೈದು ವರ್ಷದ ನಂತರ ನನ್ನ ಇಂಗ್ಲಿಷ್ ಒಬ್ಬರಿಗೆ ತಿಳಿಯಿತು, ಅವನು ನಕ್ಕ. ಲಗಮಪ್ಪ ಪಿಸುಗುಟ್ಟಿದ: "ಏನಂತ?" "ನಾವು ಹೊರಗಿನವರಂತ." "ಟ್ಯಾಕ್ಸ್ ಕಟ್ಟುವಾಗ ಒಳಗಿನವ್ರು, ಹೌದನ್ನಾಕ ಹೊರಗಿನವ್ರೇನು?" ನಗು ತಡೆಯಲು ಅಂಗಿಯ ತುದಿ ಬಾಯಿಗೆ ತುರುಕಿಕೊಂಡೆ, ನಿನ್ನಾಣೆ.

ಈಗ ಹೇಳುವುದನ್ನು ಎರಡು ಸಲ ಓದು. ಸ್ವಲ್ಪ ಹೊತ್ತಿಗೆ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ನಿನ್ನ ವಯಸ್ಸು ಇರಬಹುದು. ಭಾಷೆ ಯಾವುದೋ ತಿಳಿಯಲಿಲ್ಲ. ಕೈಯಲ್ಲಿನ ಹಾಳೆ ನಡುಗುತ್ತಿದ್ದದ್ದು ಅಷ್ಟು ಮೇಲಿನಿಂದಲೂ ಕಾಣುತ್ತಿತ್ತು. ಎದುರಿನ ಸಾಲಿನವರು ಗದ್ದಲ ಮಾಡಿದರು, ಅವಳ ಹಿಂದೆ ಕುಳಿತ ಹಿರಿಯನೊಬ್ಬ ಅವಳ ಪರವಾಗಿ ತಾನೇ ಮಾತಾಡಲು ಎದ್ದ. ಸಭಾಧ್ಯಕ್ಷರು ಅವನನ್ನೂ ಕೂರಿಸಿದರು. ಅವಳದ್ದು ಬಿಟ್ಟು ಬೇರೆ ಯಾರ ಮಾತೂ ದಾಖಲಾಗುವುದಿಲ್ಲ ಎಂದರಂತೆ, ಕಾಶಿನಾಥ ಆಮೇಲೆ ಹೇಳಿದ. ಅವಳು ಹಾಳೆ ಕೆಳಗಿಟ್ಟು ಮಾತಾಡಿದಳು ನೋಡು! ಮಂತ್ರಿ ಎದ್ದು ಉತ್ತರ ಕೊಡಬೇಕಾಯಿತು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಸಫಾರಿಯವನು ನನ್ನನ್ನೇ ನೋಡುತ್ತಿದ್ದ, ಕೈ ತೊಡೆಯ ಕೆಳಗಿಟ್ಟುಕೊಂಡೆ.

ಹೊರಗೆ ಚಹಾ ಕುಡಿಯುವಾಗ ಕಾಶಿನಾಥನನ್ನು ಕೇಳಿದೆ: "ಅಕೀ ಗಂಡ ಬಂದು ಅಕೀ ಕುರ್ಚಿ ಮ್ಯಾಲ ಕುಂತರ?"

ಅವನಿಗೆ ಚಹಾ ನೆತ್ತಿಗೆ ಹತ್ತಿತು. "ಏನ್ ಕಾಕಾ ಚ್ಯಾಷ್ಟಿ ಮಾಡ್ತೀರಿ! ಆ ಮನಿ ಮಂತ್ರಿ ಈ ಮನಿಗೆ ಬಂದ್ರ ಮಾತಾಡಬಹುದು, ಓಟ್ ಹಾಕಾಕ ಬರೂದಿಲ್ಲ. ಮೆಂಬರ್ ಇದ್ದಾವ್ರೂ ಪ್ರಮಾಣ ಮಾಡದ ಕುಂತ್ರ ದಿನಕ್ಕ ಐನೂರು ದಂಡ ಐತಿ. ಗಂಡ ಎಲ್ಲೆ ಬಂದ ನಡುವ?"

ಸಿದ್ರಾಯನಿಗೆ ಇದನ್ನು ಬೇಕಾದರೆ ಗಟ್ಟಿಯಾಗಿ ಓದಿ ಹೇಳು. ಅವನು ನಗುತ್ತಾನೆ, ಅವನಿಗೆ ನಗು ಬರುತ್ತದೆ, ಅದೇ ಅವನ ಒಳ್ಳೆಯ ಗುಣ.

ಗುರುವಾರ ಮುಂಜಾನೆಯ ಬಸ್ಸಿಗೆ ನಾನು ಬರುತ್ತೇನೆ. ನೀನು ಒಳಗೆ ಹೋಗು. ಟಾಕಿ ಎಲ್ಲಿ ಬೇಕು ಎಂದು ನಿನಗೆ ಗೊತ್ತಿದೆ, ಅಷ್ಟು ಹೇಳಿದರೆ ಸಾಕು. ದನಿ ನಡುಗಿದರೆ ನಡುಗಲಿ, ಬರೆದುಕೊಳ್ಳುವವನು ನಡುಕ ಬರೆಯುವುದಿಲ್ಲ. ನಾನೂ ನಿನ್ನ ಗಂಡನೂ ಪಂಚಾಯತಿಯ ಹೊರಗಿನ ಕಟ್ಟೆಯ ಮೇಲೆ ಸ್ಟ್ರೇಂಜರ್ಸ್ ಆಗಿ ಕುಳಿತು ಮಿರ್ಚಿ ಭಜಿ ತಿನ್ನುತ್ತೇವೆ. ಅವನು ಒಳಗೆ ನುಗ್ಗಲು ಎದ್ದರೆ ಅವನ ಅಂಗಿ ಹಿಡಿಯುವುದು ನನ್ನ ಕೆಲಸ. ಮುದುಕನಾದರೂ ಟಗರು ಹಿಡಿದ ಕೈ ಇದು.

ನಿಮ್ಮೂರ ಕಡೆಯ ಹುಕ್ಕೇರಿ ಬಸ್ಸಿಗೆ ನಾಳೆ ಹೊರಡುವ ಲಗಮಪ್ಪನ ಕೈಯಲ್ಲಿ ಕಾಗದ ಕೊಟ್ಟು ಕಳಿಸುತ್ತೇನೆ. ನಿನ್ನ ಕೈಗೇ ಕೊಡು ಎಂದು ಮೂರು ಸಲ ಹೇಳಿದ್ದೇನೆ. ನಿನ್ನ ಓಣಿಗೆ ನೀರು ಬರಲಿ, ನಿನ್ನ ಮಾತಿಗೆ ಜನ ತಲೆಯೆತ್ತಲಿ, ತಣ್ಣಗಿರು ಅವ್ವಿ.

ನಿನ್ನ ಅಪ್ಪ,
ರಾಜಪ್ಪ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಾವು ಮೂಡಲಗಿ ಕಡೆ ಊರಲ್ಲಿದ್ದಾಗ ನಿನ್ನ ಅವ್ವ ಐದು ವರ್ಷ ಪಂಚಾಯತಿ ಮೆಂಬರ್ ಆಗಿದ್ದಳು. ನೀನಾಗ ಶಾಲೆಗೆ ಹೋಗುತ್ತಿದ್ದೆ. ಅಷ್ಟೂ ವರ್ಷ ಅವಳ ಕುರ್ಚಿಯಲ್ಲಿ ಕುಳಿತವನು ನಾನು. ಬುಕ್ಕು ಮನೆಗೆ ಬರುತ್ತಿತ್ತು, ಹಿಟ್ಟಿನ ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದಳು, "ಏನ್ ಬರದಾರ್ರಿ ಇದರಾಗ?" ಎಂದು ಒಂದೆರಡು ಸಲ ಕೇಳಿ ಆಮೇಲೆ ಕೇಳುವುದನ್ನು ಬಿಟ್ಟಳು. ಕಡೆಗೆ ಇಲ್ಲಿಯ ದವಾಖಾನೆಯಲ್ಲಿ ಮಲಗಿದ್ದಾಗ ಒಂದು ಮಧ್ಯಾಹ್ನ, ಏನೂ ಸಂಬಂಧವಿಲ್ಲದೆ, "ಆ ಪಂಚಾಯ್ತಿ ಒಳಗ ಹೆಂಗ ಐತ್ರಿ?" ಎಂದಳು. ನಾನು "ಏನೈತಿ, ಒಂದ್ ಟೇಬಲ್ಲು, ಹತ್ತ ಕುರ್ಚಿ" ಎಂದೆ. "ಕಿಡಕಿ ಅದಾವೇನ್ರಿ?" ಎಂದಳು. ನನಗೆ ನೆನಪಾಗಲಿಲ್ಲ ಅನ್ನಪೂರ್ಣಾ. ಐದು ವರ್ಷ ಕುಳಿತ ಜಾಗ. ಇವೆ ಎಂದು ಸುಳ್ಳು ಹೇಳಿದೆ, ಅವಳು ತಲೆಯಾಡಿಸಿದಳು.

ಇನ್ನೂ ಬರೆಯುತ್ತಿದ್ದೆ, ಹೊತ್ತು ಇಳಿದು ಬೆಳಕು ಹೋಗುತ್ತಿದೆ, ಸಾಲು ಸಾಲಿನ ಮೇಲೆ ಬೀಳುತ್ತಿದೆ. ಸಾಕು.